ಮಡಿ ಸೀರೆ, ಒದ್ದೆ ನೆಲ

ನಮ್ಮ ಬೀದಿಯಲ್ಲಿ ವಯಸ್ಸಾದವರ ಸಾವಿನ ಸುದ್ದಿ ಎರಡು ಕಂತಿನಲ್ಲಿ ಬರುತ್ತಿತ್ತು. ಮೊದಲ ಕಂತು, ‘ಬಚ್ಚಲಲ್ಲಿ ಜಾರಿ ಬಿದ್ದರಂತೆ.’ ಎರಡನೆಯದು ಕೆಲವು ತಿಂಗಳು ಕಳೆದ ಮೇಲೆ. ನಡುವಿನ ದಿನಗಳಲ್ಲಿ ಆ ಮನೆಯ ಕಿಟಕಿ ಹತ್ತಿರ ಹಾದುಹೋಗುವವರು ದನಿ ತಗ್ಗಿಸುತ್ತಿದ್ದರು. ಒಳಗಿನಿಂದ ಫಿನಾಯಿಲ್ ವಾಸನೆ ಬರುತ್ತಿತ್ತು, ಒಮ್ಮೊಮ್ಮೆ ನರಳುವ ಸದ್ದು. ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಮಳೆಗಾಲ ಮುಗಿದು ಇನ್ನೊಂದು ಬರುವುದರೊಳಗೆ, ನಮ್ಮ ಎದುರು ಸಾಲಿನ ಮೂರು ಮನೆಗಳಲ್ಲಿ ಹೀಗಾಯಿತು. ಹೊಳೆನರಸೀಪುರದಲ್ಲಿ ದೇವಸ್ಥಾನದ ಮಗ್ಗುಲ ಬೀದಿ ನಮ್ಮದು. ಮೂರನೆಯವರ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಬಂದು ನಮ್ಮ ಅತ್ತೆ ಕಂಬಕ್ಕೆ ಒರಗಿ ಕೂತರು. ಎದುರು ಸಾಲು ಆಯ್ತು, ಇನ್ನು ಈ ಸಾಲು, ಅಂದರು. ಬಿಡ್ತು ಅನ್ನಿ ಅಂತ ನಾನು ಗದರಿದೆ. ಅವರು ಬಿಡ್ತು ಅನ್ನಲಿಲ್ಲ.

ಗದರಿದೆ ಅಂದೆನಲ್ಲ, ಅದು ನನ್ನ ಸ್ವಭಾವ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು ನಾನು. ಇಡೀ ದಿನ ಮಕ್ಕಳ ಮೇಲೆ ಕೂಗಿ ಕೂಗಿ, ಮನೆಗೆ ಬಂದರೂ ಗಂಟಲು ಅದೇ ಎತ್ತರದಲ್ಲಿರುತ್ತಿತ್ತು. ಅತ್ತೆಯವರದು ಇದಕ್ಕೆ ತದ್ವಿರುದ್ಧ. ಎಪ್ಪತ್ತು ದಾಟಿದ, ಸಣಕಲು ಮೈಯ, ಮೆಲ್ಲಗೆ ಮಾತಾಡುವ ಹೆಂಗಸು. ಮೆಲ್ಲಗೆ ಮಾತಾಡಿಯೇ ಇಡೀ ಮನೆಯನ್ನು ಬೆರಳ ತುದಿಯಲ್ಲಿ ಆಡಿಸುತ್ತಿದ್ದರು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ನನ್ನ ಗಂಡನಿಗೆ ಚನ್ನರಾಯಪಟ್ಟಣದ ಬ್ಯಾಂಕಿನಲ್ಲಿ ಕೆಲಸ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಪಿಯುಸಿ ಓದುವ ಮಗಳೊಬ್ಬಳು. ಇಷ್ಟೇ ಜನ ನಾವು.

ಮನೆಯಲ್ಲಿ ಮಡಿ ಅಂತ ಉಳಿಸಿಕೊಂಡಿದ್ದವರು ಅತ್ತೆ ಒಬ್ಬರೇ. ಹಿಂದಿನ ದಿನ ಒಗೆದ ಸೀರೆಯನ್ನು ಸೂರಿನ ಹತ್ತಿರ ತೂಗುಹಾಕಿದ್ದ ಬಿದಿರಿನ ಗಳದ ಮೇಲೆ, ಯಾರ ತಲೆಗೂ ಕೈಗೂ ತಾಗದ ಹಾಗೆ ಒಣಹಾಕುತ್ತಿದ್ದರು. ಬೆಳಗ್ಗೆ ಸ್ನಾನ ಮಾಡಿ ಅದನ್ನು ಕೋಲಿನಿಂದ ಇಳಿಸಿ ಉಟ್ಟುಕೊಂಡರೆ, ನೈವೇದ್ಯಕ್ಕೆ ಅನ್ನ ಬೆಂದು ಪೂಜೆ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮೈಲಿಗೆ, ಮತ್ತೆ ಸ್ನಾನ. ಗಳದ ಮೇಲಿನ ಸೀರೆಗೇ ಯಾರಾದರೂ ತಾಗಿಬಿಟ್ಟರೆ ಅದೂ ಕೆಟ್ಟಿತು. ಅಂಥ ದಿನ ಉಟ್ಟ ಸೀರೆಯ ಮೇಲೇ ತಲೆಗೆ ನೀರು ಹುಯ್ದುಕೊಂಡು, ತೊಟ್ಟಿಕ್ಕುತ್ತ, ಒದ್ದೆಯಲ್ಲೇ ಅಡುಗೆಮನೆಗೆ ಬರುತ್ತಿದ್ದರು. ಸ್ನಾನದ ಒದ್ದೆ ಬಟ್ಟೆಗೆ ಮೈಲಿಗೆಯಿಲ್ಲ, ಅದು ಎಲ್ಲಕ್ಕಿಂತ ಗಟ್ಟಿ ಮಡಿ ಅನ್ನುವುದು ಅವರ ಲೆಕ್ಕ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಎಷ್ಟು ಸಲ ಅವರಿಗೆ ತಾಗಿ ಎಷ್ಟು ಸಲ ಅವರಿಗೆ ಎರಡನೇ ಸ್ನಾನ ಮಾಡಿಸಿದ್ದೇನೋ ದೇವರಿಗೇ ಗೊತ್ತು. ಬೈಯುತ್ತಿರಲಿಲ್ಲ, ಸುಮ್ಮನೆ ತಿರುಗಿ ಬಚ್ಚಲಿಗೆ ಹೋಗುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ಬರಬರುತ್ತಾ ನನ್ನ ಕಾಲುಗಳೇ ಕಲಿತುಬಿಟ್ಟವು. ಬಚ್ಚಲ ಬಾಗಿಲು ಕಿರ್ರೆಂದರೆ ಸಾಕು, ನಡುಮನೆಯಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಅಂಟಿಕೊಳ್ಳುತ್ತಿದ್ದೆವು. ಗಂಡನಂತೂ ಪೇಪರ್ ಓದುತ್ತಲೇ, ತಲೆ ಎತ್ತದೆ, ಕಾಲು ಮಡಚಿಕೊಳ್ಳುತ್ತಿದ್ದರು. ಮಗಳು ಅಂಬೆಗಾಲಿಡುವಾಗಲೇ ‘ಅಜ್ಜಿ ಮಯಿ, ಅಜ್ಜಿ ಮಯಿ’ ಅನ್ನುತ್ತ ಹಿಂದಕ್ಕೆ ತೆವಳುತ್ತಿದ್ದಳು. ಬಂದವರಿಗೆಲ್ಲ ಅದನ್ನು ಮಾಡಿ ತೋರಿಸೆಂದು ಹೇಳಿ ನಗುತ್ತಿದ್ದೆವು.

ಆ ಸಮಾರಾಧನೆ ಆಗಿ ಸ್ವಲ್ಪ ದಿನಕ್ಕೇ ಅತ್ತೆ ಹಿತ್ತಿಲ ಕಟ್ಟೆಯ ಹತ್ತಿರ ಬಿದ್ದರು. ಕೈ ಊರಿದ್ದರಿಂದ ಮಣಿಕಟ್ಟು ಮುರಿಯಿತು, ಸೊಂಟ ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಹಾಗೇ ಅಂದೆ ಅಂದ್ಕೊಳ್ಳೇ, ಅಂತ ನೋವಿನಲ್ಲೂ ನಕ್ಕರು. ಹಾಸನಕ್ಕೆ ಕರೆದುಕೊಂಡು ಹೋಗಿ ಸಿಮೆಂಟ್ ಪಟ್ಟಿ ಹಾಕಿಸಿದೆವು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಪಟ್ಟಿಯ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಆಮೇಲೆ ನುಗ್ಗೇಹಳ್ಳಿಯ ಅಕ್ಕನ ಸುದ್ದಿ ತೆಗೆದರು.

ಆ ಅಕ್ಕ, ಅಂದರೆ ನನ್ನ ದೊಡ್ಡತ್ತೆ, ಸೊಂಟ ಮುರಿದು ಹಾಸಿಗೆಯಲ್ಲೇ ವರ್ಷಗಟ್ಟಲೆ ಬಿದ್ದಿದ್ದು ಸತ್ತವರು. ನಾವು ನೋಡಲು ಹೋಗಿದ್ದಾಗ ಬೆನ್ನು ಹುಣ್ಣಾಗಿತ್ತು, ಮನೆಯವರು ಮೂಗಿಗೆ ಸೆರಗು ಹಿಡಿದುಕೊಂಡು ಹೊರಳಿಸುತ್ತಿದ್ದರು. ಅತ್ತೆ ಅವತ್ತು ಅಲ್ಲಿ ಒಂದು ತೊಟ್ಟು ನೀರು ಕುಡಿಯಲಿಲ್ಲ. ಬಸ್ಸಿನಲ್ಲಿ ನನಗೆ ಹೇಳಿದ್ದು ಇಷ್ಟು: ಸಾವಿಗೆ ನಾನು ಹೆದರಲ್ಲ, ಆದರೆ ಅಕ್ಕನ ಹಾಗೆ ಮಲಗಿಕೊಂಡು ಕಂಡೋರ ಕೈಯಲ್ಲಿ ಹೊರಳಿಸಿಕೊಳ್ಳೋ ಹಾಗೆ ಮಾತ್ರ ಆಗಬಾರದು. ಹಾಗಾಗದ ಹಾಗೆ ಏನು ಮಾಡಬೇಕೋ ಮಾಡು, ನೀನು ಓದಿದವಳು. ಅಷ್ಟು ದೊಡ್ಡ ಹೊರೆಯನ್ನು ಅವರು ಬಸ್ಸಿನ ಟಿಕೆಟ್ ಕೊಟ್ಟಷ್ಟು ಸಲೀಸಾಗಿ ನನ್ನ ಕೈಗಿತ್ತರು.

ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು ಒಬ್ಬ ಫಿಸಿಯೋಥೆರಪಿ ಹುಡುಗಿಯ ಹತ್ತಿರ ಕಳಿಸಿದರು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯ ಒಕ್ಕಲು ಮನೆತನದವಳು, ಹಾಸನದಲ್ಲಿ ರೂಮು ಮಾಡಿಕೊಂಡು ಕೆಲಸ ಮಾಡುತ್ತಿದ್ದಳು. ಭಾನುವಾರ ನಮ್ಮೂರಿಗೆ ಬಂದು ಮನೆಮನೆಗೆ ಹೋಗುತ್ತಿದ್ದಳು. ಗತ್ತಿನ ಹುಡುಗಿ. ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಕೈಯ ಕಡೆ ನೋಡುವುದು ಬಿಟ್ಟು ಅತ್ತೆಯನ್ನು ಕುರ್ಚಿಯಿಂದ ಏಳಿಸಿ, ನಡೆಸಿ, ತಿರುಗಿಸಿ, ಒಂದೇ ಕಾಲಿನ ಮೇಲೆ ನಿಲ್ಲಿಸಿ ನೋಡಿದಳು. ಕೈ ಮುರಿದವರಿಗೆ ಕಾಲಿನ ಉಪಚಾರ ಯಾಕೆ ಅಂತ ನನ್ನ ಗಂಡ ಕೇಳಿದರು. ಒಂದು ಸಲ ಬಿದ್ದವರು ಇನ್ನೊಂದು ಸಲ ಬೀಳುತ್ತಾರೆ, ಮುಂದಿನ ಸಲ ಕೈ ಊರುವಷ್ಟು ಪುರುಸೊತ್ತು ಸಿಗುವುದಿಲ್ಲ, ಅಂದಳು. ಅಷ್ಟು ತಣ್ಣಗೆ ಹೇಳಿದ್ದಕ್ಕೆ ನನಗೆ ಅವಳ ಮೇಲೆ ಕೋಪ ಬಂತು.

ಅವಳ ಪಾಠವೆಲ್ಲ ಮುಟ್ಟಿಯೇ ಹೇಳಿಕೊಡುವಂಥದ್ದು. ಹಾಗಾಗಿ ವ್ಯಾಯಾಮ ಸ್ನಾನಕ್ಕೆ ಮೊದಲು ಅಂತ ಅತ್ತೆಯೇ ಇತ್ಯರ್ಥ ಮಾಡಿದರು. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತುವುದು. ಒಂದು ಪಾದದ ಮುಂದೆ ಇನ್ನೊಂದು ಪಾದ ಜೋಡಿಸಿ ಗೆರೆಯ ಮೇಲೆ ನಡೆಯುವುದು. ಒಂದು, ಎರಡು ಅಂತ ಎಣಿಸುವುದು ಅತ್ತೆಗೆ ಒಗ್ಗಲಿಲ್ಲ. ಕೇಶವಾಯ ಎನ್ನುತ್ತ ಎದ್ದು ನಾರಾಯಣಾಯ ಎನ್ನುತ್ತ ಕೂರುವರು, ಹೀಗೆ ಆಚಮನದ ನಾಮಗಳೆಲ್ಲ ಮುಗಿಯುವ ತನಕ. ಅಜ್ಜಿಗೆ ಪುಣ್ಯಾನೂ ಬಂತು, ಮಂಡೀನೂ ಗಟ್ಟಿಯಾಯ್ತು ಅಂತ ಹುಡುಗಿ ರೇಗಿಸುತ್ತಿದ್ದಳು. ಅತ್ತೆಗೆ ಅವಳನ್ನು ಕಂಡರೆ ಇಷ್ಟ. ಅವಳು ಭುಜ ಹಿಡಿದು ನಡೆಸುವಾಗ ಆರಾಮಾಗಿ ಮೈಭಾರ ಬಿಟ್ಟು ನಡೆಯುತ್ತಿದ್ದರು. ನಾನು ಅದನ್ನು ನೋಡಿ, ಅಬ್ಬ, ಇನ್ನೇನು ಗೆದ್ದೆವು ಅಂದುಕೊಂಡೆ.

ಆದರೆ ಸ್ನಾನವಾದ ಮೇಲಿನ ನಡಿಗೆ ಬೇರೆಯೇ ಇತ್ತು. ನಮ್ಮದು ಕೆಂಪು ಗಾರೆ ನೆಲ, ತಲೆಮಾರುಗಳ ಕಾಲು ತಿಕ್ಕಿ ತಿಕ್ಕಿ ಕನ್ನಡಿಯಾಗಿದ್ದ ನೆಲ. ಒದ್ದೆಯಲ್ಲಿ ನಡೆದುಬಂದ ದಿನ ಅವರ ಹೆಜ್ಜೆಗಳು ಬಚ್ಚಲಿನಿಂದ ಅಡುಗೆಮನೆಯವರೆಗೂ ಮೂಡಿರುತ್ತಿದ್ದವು. ಒರೆಸುವುದು ನನ್ನ ಕೆಲಸ, ಹಾಗಾಗಿ ಪ್ರತಿ ಸಲವೂ ನೋಡುತ್ತಿದ್ದೆ. ಎಡಗಾಲಿನ ಗುರುತು ಸ್ವಚ್ಛವಾಗಿರುತ್ತಿತ್ತು. ಬಲಗಾಲಿನದು ಹೆಬ್ಬೆರಳ ಹತ್ತಿರ ಬಾಲದ ಹಾಗೆ ಎಳೆದುಕೊಂಡಿರುತ್ತಿತ್ತು. ಅಂದರೆ ಆ ಕಾಲು ಏಳುತ್ತಿಲ್ಲ, ನೆಲ ಸವರಿಕೊಂಡು ಬರುತ್ತಿದೆ. ಕುರ್ಚಿಯಿಂದ ಕೇಶವಾಯ ಎನ್ನುತ್ತ ಏಳುವ ಅದೇ ಕಾಲು. ಒಬ್ಬರೇ ನಡೆಯುವಾಗ, ಯಾರಿಗೂ ತಾಗಬಾರದೆಂದು ಮೈಯನ್ನು ಮುದುರಿಕೊಂಡು, ಎರಡೂ ಕೈ ಎದೆಗವುಚಿಕೊಂಡು ಬರುತ್ತಿದ್ದರಲ್ಲ, ಅದರಿಂದ ಹಾಗಾಗುತ್ತಿತ್ತೋ ಏನೋ. ವಾರ ಕಳೆದ ಹಾಗೆ ಆ ಬಾಲ ಉದ್ದವಾಯಿತು. ನಾನು ಬಟ್ಟೆ ಹಿಡಿದು ಬಗ್ಗಿದಾಗಲೆಲ್ಲ ಅದನ್ನು ಬೆರಳಲ್ಲಿ ಅಳೆದು ನೋಡುತ್ತಿದ್ದೆ.

ಹುಡುಗಿಗೆ ಹೇಳಿದೆ. ಅವಳು ಎರಡು ಕೆಲಸ ಮಾಡಿಸಿ ಅಂದಳು. ಬಚ್ಚಲಿನಿಂದ ನಡುಮನೆಯವರೆಗೆ ಗೋಡೆಗೆ ಹಿಡಿಕೆಯ ಕಂಬಿ. ಆಮೇಲೆ ಆ ಬಿದಿರಿನ ಗಳವನ್ನು ಕೆಳಗೆ ಇಳಿಸುವುದು. ವಯಸ್ಸಾದವರು ಕತ್ತೆತ್ತಿ ಕೈಯೆತ್ತಿ ಮೇಲೆ ನೋಡುವಾಗಲೇ ತಲೆ ತಿರುಗಿ ಬೀಳುವುದು ಜಾಸ್ತಿಯಂತೆ. ಆವತ್ತೇ ನನ್ನ ಗಂಡ ವೆಲ್ಡಿಂಗ್‌ನವನನ್ನು ಕರೆತಂದು ಕಂಬಿ ಹಾಕಿಸಿದರು. ಗಳವನ್ನು ಹಗ್ಗ ಸಡಿಲಿಸಿ ಇಳಿಸಿದರು. ನಾವೆಲ್ಲ ಕಾಫಿ ಕುಡಿಯುತ್ತ ಅದನ್ನು ನೋಡಿ ಹಿಗ್ಗಿದೆವು.

ಆಗಿದ್ದೇನು ಗೊತ್ತೇ? ಕಂಬಿಯನ್ನು ದಿನವಿಡೀ ಎಲ್ಲರೂ ಮುಟ್ಟುತ್ತೇವಲ್ಲ, ಆದ್ದರಿಂದ ಅತ್ತೆ ಸ್ನಾನವಾದ ಮೇಲೆ ತಂಬಿಗೆಯಿಂದ ಅದರ ಉದ್ದಕ್ಕೂ ನೀರು ಹುಯ್ದು, ಆಮೇಲೆ ಹಿಡಿದುಕೊಳ್ಳುತ್ತಿದ್ದರು. ಆ ನೀರೆಲ್ಲ ಅವರು ಕಾಲಿಡುವ ಜಾಗಕ್ಕೇ ಇಳಿಯುತ್ತಿತ್ತು. ಗಳ ಕೆಳಗಿಳಿದ ಮೇಲೆ ಮಡಿಸೀರೆ ನಮ್ಮ ತಲೆಯ ಎತ್ತರಕ್ಕೆ ಬಂತು. ಮಗಳ ಜಡೆ ತಾಗಿತು, ಗಂಡನ ಭುಜ ತಾಗಿತು, ಬಂದ ನೆಂಟರ ಕೈ ತಾಗಿತು. ಮುಂಚೆ ಆಗೊಮ್ಮೆ ಈಗೊಮ್ಮೆ ಒದ್ದೆಯಲ್ಲಿ ಬರುತ್ತಿದ್ದವರು ಈಗ ದಿನ ಬಿಟ್ಟು ದಿನ ಒದ್ದೆಯಲ್ಲೇ ಬರತೊಡಗಿದರು. ಬೀಳದಿರಲೆಂದು ನಾವು ಮಾಡಿದ್ದೆಲ್ಲ ಸೇರಿ ನೆಲವನ್ನು ಇನ್ನಷ್ಟು ಒದ್ದೆ ಮಾಡಿತು. ಗಳವನ್ನು ಮತ್ತೆ ಮೇಲೆ ಕಟ್ಟಿ ಅಂದರೆ ಕತ್ತೆತ್ತಬೇಕು, ಕೆಳಗೇ ಇರಲಿ ಅಂದರೆ ಒದ್ದೆ ಸೀರೆ. ಮಡಿಯನ್ನೇ ಬಿಡಿ ಅಂತ ನಾನು ಒಂದು ದಿನ ಬಾಯಿ ಜೋರು ಮಾಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಇಷ್ಟು ವರ್ಷ ಆ ದೇವರಿಗೆ ಅನ್ನ ಬೇಯಿಸಿ ಹಾಕಿದೀನಿ, ಕಾಲು ನಡುಗತ್ತೆ ಅಂತ ಅವನನ್ನ ಉಪವಾಸ ಕೆಡವಲಾ ಅಂತ ಕೇಳಿದರು. ನಾನು ನೆಲ ಒರೆಸುವ ಬಟ್ಟೆ ಕೈಗೆ ತೆಗೆದುಕೊಂಡೆ.

ಒಂದು ಭಾನುವಾರ ಹುಡುಗಿ ಹೊತ್ತಿಗೆ ಮೊದಲೇ ಬಂದುಬಿಟ್ಟಳು. ಆವತ್ತು ಯಾವುದೋ ಪೂಜೆಗೆಂದು ಅತ್ತೆ ಬೇಗನೆ ಸ್ನಾನಕ್ಕೆ ಹೋಗಿದ್ದರು. ಬಚ್ಚಲ ಬಾಗಿಲು ಕಿರ್ರೆಂದಿತು. ನಾನು, ಗಂಡ, ಮಗಳು, ಮೂವರೂ ಒಟ್ಟಿಗೇ ಹಿಂದೆ ಸರಿದು ಗೋಡೆ ಸೇರಿದೆವು. ಅತ್ತೆ ಒದ್ದೆಯಲ್ಲಿ ಬಂದರು, ಕಂಬಿ ಮುಗಿದ ಕಡೆ ಸ್ವಲ್ಪ ವಾಲಿದರು, ಸಾವರಿಸಿಕೊಂಡು ಅಡುಗೆಮನೆಗೆ ಹೋದರು. ಅವರು ವಾಲಿದಾಗ ನಾವು ಮೂವರೂ ಗೋಡೆಗೆ ಇನ್ನಷ್ಟು ಒತ್ತಿಕೊಂಡಿದ್ದೆವು. ಹುಡುಗಿ ಅತ್ತೆಯನ್ನು ನೋಡುತ್ತಿರಲಿಲ್ಲ, ನಮ್ಮನ್ನು ನೋಡುತ್ತಿದ್ದಳು. ಅವಳ ಮುಖ ಕಪ್ಪಿಟ್ಟಿತ್ತು.

“ಅಜ್ಜಿ ಕಾಲು ಗಟ್ಟಿ ಐತೆ ಮೇಡಂ. ತೊಂದ್ರೆ ಅಜ್ಜೀದಲ್ಲ, ನಿಮ್ದು. ಅವ್ರು ವಾಲುದ್ರೆ ಇಡ್ಕೊಳ್ಳೋರು ಒಬ್ರೂ ಇಲ್ಲ ಈ ಮನೇಲಿ. ಎಲ್ರೂ ಇಂದಕ್ಕೇ ಓಯ್ತೀರ” ಅಂದಳು.

ಬೇರೆ ಹೊತ್ತಿನಲ್ಲಿ ಶುದ್ಧ ಪುಸ್ತಕದ ಭಾಷೆಯಲ್ಲಿ ಮಾತಾಡುವ ಹುಡುಗಿ. ಅವಳ ಊರಿನ ಮಾತು ಬಾಯಿಗೆ ಬಂದಾಗಲೇ ನನಗೆ ಗೊತ್ತಾಯಿತು, ಇವಳು ನಿಜವಾಗಿ ಹೆದರಿದ್ದಾಳೆ ಅಂತ.

ಆವತ್ತಿನಿಂದ ವ್ಯಾಯಾಮ ನಮಗೆ. ಪ್ರತಿ ಭಾನುವಾರ ಅವಳು ತಾನೇ ಸೆರಗು ಹೊದ್ದ ಹಾಗೆ ಟವಲ್ ಹೊದ್ದುಕೊಂಡು, ಎದೆಗೆ ಕೈ ಕಟ್ಟಿಕೊಂಡು, ಬಚ್ಚಲಿನಿಂದ ಬರುವಳು. ಎಲ್ಲೋ ಒಂದು ಕಡೆ ಹೇಳದೆ ಕೇಳದೆ ವಾಲುವಳು. ನಾವು ಹಿಂದೆ ಹೋಗದೆ ಮುಂದೆ ಬಂದು ಒಂದು ಕೈ ಸೊಂಟಕ್ಕೆ, ಇನ್ನೊಂದು ಎದೆಯ ಮುಂದೆ ಕೊಟ್ಟು ಹಿಡಿಯಬೇಕು. ನನ್ನ ಗಂಡ ಮೊದಲ ಸಲ ಹಿಂದಕ್ಕೆ ಜಿಗಿದು ಮೂಲೆಯಲ್ಲಿದ್ದ ಕೊಡೆಯ ಸ್ಟ್ಯಾಂಡ್ ಬೀಳಿಸಿದರು. ಎರಡನೆಯ ಸಲವೂ ಹಿಂದಕ್ಕೇ. ಸಾರ್, ಅಜ್ಜಿಗೆ ಮುಂಚೆ ನೀವೇ ಬೀಳ್ತೀರ, ಅಂದಳು. ಮಗಳು ಬಿದ್ದು ಬಿದ್ದು ನಕ್ಕಳು. ಬಿದ್ದವರನ್ನು ದಡಬಡ ಎತ್ತಬಾರದು, ಪಾದ ಹೊರಕ್ಕೆ ತಿರುಗಿಕೊಂಡು ಕಾಲು ಗಿಡ್ಡವಾದ ಹಾಗೆ ಕಂಡರೆ ಸೊಂಟ ಹೋಯಿತು ಅಂತ ಲೆಕ್ಕ, ಅವರನ್ನು ಒಂದು ಚೂರೂ ಅಲುಗಾಡಲು ಬಿಡದೆ ಹಿಡಿದು ಕೂರಬೇಕು ಅಂತಲೂ ಹೇಳಿಕೊಟ್ಟಳು. ನನಗೆ ಕಲಿಯಲು ತಿಂಗಳು ಹಿಡಿಯಿತು. ಇಪ್ಪತ್ತು ವರ್ಷ ಹಿಂದೆ ಹೋದ ಕಾಲು ಮುಂದೆ ಬರಬೇಕಲ್ಲ. ಒಂದು ದಿನ ಅವಳು ವಾಲಿದ್ದನ್ನು ನಾನು ನೋಡುವ ಮೊದಲೇ ನನ್ನ ಕೈ ಅವಳ ಸೊಂಟ ಹಿಡಿದಿತ್ತು. ಈಗ ಆಯ್ತು ನೋಡಿ ಮೇಡಂ ಅಂತ ಬೆನ್ನು ತಟ್ಟಿದಳು. ಶಾಲೆಯಲ್ಲಿ ಮಕ್ಕಳಿಗೆ ನಾನು ತಟ್ಟುವ ಹಾಗೆ ತಟ್ಟಿದಳು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ನಾಟಕವನ್ನೆಲ್ಲ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಹುಡುಗಿ ಅವರನ್ನು ನೇರವಾಗಿ ಕೇಳಿದಳು: ಮಡಿಯಲ್ಲಿದ್ದಾಗ ಬಿದ್ದರೆ ಹಿಡಿದುಕೊಳ್ಳಬಹುದೋ ಇಲ್ಲವೋ, ಈಗಲೇ ಹೇಳಿಬಿಡಿ.

“ಹಿಡ್ಕೊಳ್ಳಿ ತಾಯಿ. ಪ್ರಾಣಕ್ಕಿಂತ ಮಡಿ ದೊಡ್ಡದೇ? ಆಮೇಲೆ ಇನ್ನೊಂದು ತಂಬಿಗೆ ಹುಯ್ಕೊಂಡ್ರಾಯ್ತು” ಅಂದರು ಅತ್ತೆ.

ಎಷ್ಟು ಹಗುರವಾಗಿ ಅಂದರು! ಇಷ್ಟು ಸುಲಭವಿತ್ತೇ, ಇದಕ್ಕಾಗಿ ಇಷ್ಟು ದಿನ ನಿದ್ದೆ ಕೆಡಿಸಿಕೊಂಡೆನೇ ಅಂತ ನನಗೆ ಒಂದು ಕಡೆ ನಗು, ಒಂದು ಕಡೆ ಅಳು. ಅವರು ಮನಸ್ಸಿನಿಂದಲೇ ಹೇಳಿದರು, ಅದರಲ್ಲಿ ಸಂಶಯವಿಲ್ಲ. ಮಾತು ತಪ್ಪುವ ಹೆಂಗಸಲ್ಲ ಅವರು. ಹುಡುಗಿಯೂ ನೆಮ್ಮದಿಯಾಗಿ ಬಸ್ ಹತ್ತಿದಳು. ಆದರೆ ಬೆಳಗ್ಗೆ ನೆಲ ಒರೆಸುವಾಗ ಬಲಗಾಲಿನ ಬಾಲ ಹಾಗೇ ಇತ್ತು.

ಅದಾದ ಮೇಲೆ ಬಂದ ಏಕಾದಶಿಯ ಬಗ್ಗೆ ನನಗೆ ಮೊದಲಿನಿಂದಲೂ ಭಯವಿತ್ತು. ಅತ್ತೆ ಏಕಾದಶಿಯ ದಿನ ನೀರನ್ನೂ ಮುಟ್ಟುತ್ತಿರಲಿಲ್ಲ, ಮರುದಿನ ದ್ವಾದಶಿಯಂದು ಬೆಳಗಾಗುತ್ತಲೇ ಅಡುಗೆ ಮಾಡಿ ನೈವೇದ್ಯವಾದ ಮೇಲೆಯೇ ಊಟ. ಹೊಟ್ಟೆಗಿಲ್ಲದಿದ್ದರೆ ತಲೆ ಸುತ್ತುತ್ತದೆ, ಹಾಲನ್ನಾದರೂ ಕುಡೀರಿ ಅಂತ ಹುಡುಗಿ ಹೇಳಿದ್ದಳು. ಹ್ಞೂಂ ಅಂದಿದ್ದರು. ಏಕಾದಶಿಯ ಸಂಜೆ ನಾನು ಲೋಟದಲ್ಲಿ ಹಾಲು ತಂದು ಎದುರಿಗಿಟ್ಟೆ. ನೀನು ಹೋಗು, ಕುಡೀತೀನಿ ಅಂದರು. ಬೆಳಗ್ಗೆ ನೋಡಿದರೆ ಹಾಲಿನ ಮೇಲೆ ಕೆನೆ ಕಟ್ಟಿತ್ತು, ಹಾಗೇ ಇತ್ತು.

ಗಂಡ ಮೊದಲ ಬಸ್ಸಿಗೆ ಹೋಗಿಯಾಗಿತ್ತು. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಹೊರಡುವ ಗಡಿಬಿಡಿಯಲ್ಲಿ ಯಾರ ಕೈ ತಾಗಿತೋ, ಗಳದ ಮೇಲಿನ ಸೀರೆ ಒಂದು ಕಡೆಗೆ ಜಾರಿ ಇಳಿಬಿದ್ದಿತ್ತು. ಅಂದರೆ ಇವತ್ತೂ ಒದ್ದೆ. ನಾನು ಬೆಳಗಿನ ಕಾಫಿ ಕುಡಿದು, ಸ್ನಾನಕ್ಕೂ ಹೋಗದೆ, ನಡುಮನೆಯಲ್ಲಿ ಕಂಬಿ ಮುಗಿಯುವ ಜಾಗದ ಹತ್ತಿರ ನಿಂತೆ. ಅಲ್ಲೇ ಅವರು ವಾಲುವುದು ಅಂತ ನನಗೆ ಗೊತ್ತಿತ್ತು. ಒಳಗೆ ನೀರು ಹುಯ್ದುಕೊಳ್ಳುವ ಸದ್ದು ನಿಂತಿತು. ಬಾಗಿಲು ಕಿರ್ರೆಂದಿತು. ನನ್ನ ಕಾಲು ಹಿಂದಕ್ಕೆ ಹೋಗಲಿಲ್ಲ.

ಕಂಬಿಗೆ ನೀರು ಹುಯ್ದರು. ಹಿಡಿದುಕೊಂಡು ಬಂದರು. ಒದ್ದೆ ಸೀರೆ ಮೊಣಕಾಲಿಗೆ ಸುತ್ತಿಕೊಂಡಿತ್ತು, ತುಟಿ ಬೆಳ್ಳಗಾಗಿತ್ತು. ಬಾಯಲ್ಲಿ ಏನೋ ಸ್ತೋತ್ರ. ಕಂಬಿ ಬಿಟ್ಟು ಎರಡು ಹೆಜ್ಜೆ ಇಟ್ಟರು. ಕಣ್ಣು ಒಂದು ಕ್ಷಣ ಎಲ್ಲಿಗೋ ಹೋದ ಹಾಗಾಯಿತು, ಮೈ ನನ್ನ ಕಡೆಗೇ ವಾಲಿತು. ನನ್ನ ಕಡೆಗೇ. ನಾನು ಕಲಿತ ಹಾಗೇ ಮುಂದೆ ಬಂದೆ, ಎರಡೂ ಕೈ ಚಾಚಿದೆ.

ಅವರು ನನ್ನ ಕೈ ನೋಡಿದರು. ನೋಡಿದ್ದೇ ತಡ, ಮೈಯನ್ನು ಸೆಳೆದುಕೊಂಡು ಹಿಂದೆ ಸರಿದರು.

ಅದನ್ನು ಅವರು ಮಾಡಲಿಲ್ಲ, ಅವರ ಮೈ ಮಾಡಿತು. ಅರವತ್ತು ವರ್ಷದಿಂದ ದಿನಾ ಬೆಳಗ್ಗೆ ಮಾಡಿದ್ದನ್ನೇ ಮಾಡಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಮದುವೆಯಾದ ಮೇಲೆ ಅವರೂ ತಮ್ಮ ಅತ್ತೆಯಿಂದ ಕಲಿತದ್ದು. ನಾವು ನಮ್ಮ ಕಾಲುಗಳನ್ನು ತಿದ್ದಿಕೊಂಡೆವು, ಆ ಹುಡುಗಿ ಮೂವರನ್ನೂ ತಿದ್ದಿದಳು. ಅವರನ್ನು ತಿದ್ದಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹಿಡ್ಕೊಳ್ಳಿ ಅಂತ ಬಾಯಲ್ಲಿ ಹೇಳಿದ್ದರಲ್ಲ, ಅದೇ ಸಾಕು ಅಂದುಕೊಂಡೆವು. ನನ್ನ ಬೆರಳಿಗೆ ಅವರ ಸೆರಗಿನ ನೀರು ತಾಗಿತು, ಅಷ್ಟೇ. ಅವರು ಆ ಕಡೆಗೆ, ಬಲಗಡೆಗೆ, ಬಿದ್ದರು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು.

ಬಲಪಾದ ಹೊರಕ್ಕೆ ತಿರುಗಿತ್ತು. ಕಾಲು ಗಿಡ್ಡವಾಗಿತ್ತು. ಅಯ್ಯೋ ದೇವರೇ ಅಂತ ಬಗ್ಗಿದೆ. ಕೈ ಹತ್ತಿರ ಬರುತ್ತಿದ್ದ ಹಾಗೆ ಅವರು ಮೊಣಕೈ ಊರಿ, ಮುರಿದ ಸೊಂಟವನ್ನು ಎಳೆದುಕೊಂಡು ಆಚೆ ಸರಿಯಲು ನೋಡಿದರು. ನೋವಿಗೆ ಬಾಯಿ ತೆರೆದುಕೊಂಡಿತು, ಕೂಗು ಹೊರಡಲಿಲ್ಲ. ಮುಟ್ಟಬೇಡ, ಅನ್ನ ಒಲೆಯ ಮೇಲಿದೆ, ಅಂದರು. ಅನ್ನ ಒಲೆಯ ಮೇಲಿರಲಿಲ್ಲ, ಒಲೆಯನ್ನೇ ಹಚ್ಚಿರಲಿಲ್ಲ. ಇನ್ನೊಮ್ಮೆ ಕೈ ಚಾಚಿದೆ, ಇನ್ನೊಮ್ಮೆ ಸರಿದರು. ನಾನು ಹತ್ತಿರ ಹೋದಷ್ಟೂ ಒಳಗೆ ಆ ಮೂಳೆಯ ತುದಿ ಎಲ್ಲೆಲ್ಲಿಗೆ ಚುಚ್ಚುತ್ತಿದೆಯೋ. ಅವರನ್ನು ಅಲುಗಾಡದ ಹಾಗೆ ಹಿಡಿಯಬೇಕು, ಹಿಡಿಯಲು ಹೋದರೇ ಅಲುಗಾಡುತ್ತಾರೆ. ನನಗೆ ಆವತ್ತು ಬಂದ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಅವರ ಮೇಲೆ, ಅವರ ದೇವರ ಮೇಲೆ, ಆ ಕೆಂಪು ನೆಲದ ಮೇಲೆ, ಹಲ್ಲುಕಚ್ಚುವಷ್ಟು ಸಿಟ್ಟು.

ಅದೇ ಸಿಟ್ಟಿನಲ್ಲಿ ಬಚ್ಚಲಿಗೆ ಓಡಿದೆ. ಹಂಡೆಯಲ್ಲಿ ಉಳಿದಿದ್ದ ನೀರನ್ನು ಬಕೆಟ್ಟಿನಿಂದ ಬಾಚಿ ಬಾಚಿ ತಲೆಯ ಮೇಲೆ ಹುಯ್ದುಕೊಂಡೆ. ಉಟ್ಟ ಸೀರೆ, ಜಡೆ, ಕೈಗಡಿಯಾರ, ಎಲ್ಲ ನೆನೆಯಿತು. ಮೂಗಿನಿಂದ ಬಾಯಿಂದ ನೀರು ಇಳಿಯುತ್ತಿರುವಾಗಲೇ ವಾಪಸು ಓಡಿಬಂದೆ. ನೋಡಿ, ನಾನೂ ಮಡಿ, ಈಗ ಸರಿಯಬೇಡಿ ಅಂತ ಕಿರುಚಿದೆ.

ಅವರು ನೆಲದ ಮೇಲಿಂದಲೇ ತಲೆ ಹೊರಳಿಸಿ ನನ್ನನ್ನು ನೋಡಿದರು. ನನ್ನ ಕಾಲುಗಳನ್ನು ನೋಡಿದರು.

“ಓಡಬೇಡ್ವೇ. ನೆಲ ಒದ್ದೆ ಇದೆ, ಬೀಳ್ತೀಯ” ಅಂದರು.

ನಾನು ನಿಂತೆ. ಮೆಲ್ಲಗೆ ನಡೆದು ಹೋಗಿ ಅವರ ಪಕ್ಕ ಕೂತು ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ಈ ಸಲ ಸರಿಯಲಿಲ್ಲ. ಒಂದು ಕೈಯನ್ನು ಸೊಂಟದ ಪಕ್ಕಕ್ಕೆ ಒತ್ತಿ ಹಿಡಿದು ಎದುರು ಮನೆಯವರನ್ನು ಕೂಗಿದೆ. ಅವರು ಬರುವ ತನಕ ಇಬ್ಬರೂ ಹಾಗೇ ಒದ್ದೆಯಲ್ಲೇ ಇದ್ದೆವು. ಮದುವೆಯಾಗಿ ಬಂದ ಮೇಲೆ ಬೆಳಗಿನ ಆ ಹೊತ್ತಿನಲ್ಲಿ ನಾನು ಅವರನ್ನು ಬೇಕೆಂದೇ ಮುಟ್ಟಿದ್ದು ಅದೇ ಮೊದಲು. ಬಚ್ಚಲಿನಿಂದ ಅಲ್ಲಿಯವರೆಗೆ ಎರಡು ಸಾಲು ಹೆಜ್ಜೆಗಳು ಮೂಡಿದ್ದವು, ಅವರದೊಂದು, ನನ್ನದೊಂದು.

ಜೀಪಿನಲ್ಲಿ ಹಲಗೆಯ ಮೇಲೆ ಮಲಗಿಸಿ ಹಾಸನಕ್ಕೆ ಒಯ್ದೆವು. ಆಪರೇಷನ್ ಮಾಡಿ ರಾಡ್ ಹಾಕಿದರು. ಹುಡುಗಿ ಸುದ್ದಿ ಕೇಳಿ ಆಸ್ಪತ್ರೆಗೇ ಬಂದಳು. ನಾನು ನಡೆದಿದ್ದನ್ನು ಹೇಳಿದೆ. ಅವಳು ಮಂಚದ ಸರಳು ಹಿಡಿದು ನಿಂತಿದ್ದು, ವಾರ್ಡಿನ ಹೊರಗೆ ಹೋಗಿ ಅತ್ತು ಬಂದಳು. ಆಮೇಲೆ ತಿಂಗಳುಗಟ್ಟಲೆ ನಮ್ಮ ಮನೆಗೆ ಬಂದಳು. ವಾಕರ್ ಹಿಡಿಸಿ ಒಂದೆರಡು ಸಲ ನಿಲ್ಲಿಸಿದಳು ಕೂಡ. ಅಷ್ಟರಲ್ಲಿ ಜ್ವರ ಬಂತು, ಕೆಮ್ಮು ಎದೆಗಿಳಿಯಿತು, ನಿಂತ ಕಾಲು ಮತ್ತೆ ನಿಲ್ಲಲಿಲ್ಲ.

ಅವರು ಯಾವುದು ಆಗಬಾರದು ಅಂದಿದ್ದರೋ ಅದೇ ಆಯಿತು. ಹಾಸಿಗೆಯಲ್ಲೇ ಎರಡು ಮಳೆಗಾಲ ಕಳೆದರು. ಹುಣ್ಣಾಗಲು ಮಾತ್ರ ನಾನು ಬಿಡಲಿಲ್ಲ. ಹೊತ್ತು ಹೊತ್ತಿಗೆ ಹೊರಳಿಸಿದೆ, ಪೌಡರ್ ಹಾಕಿದೆ, ಮೂಗಿಗೆ ಸೆರಗು ಹಿಡಿಯಲಿಲ್ಲ. ದೇವರ ಅನ್ನ ನಾನೇ ಬೇಯಿಸತೊಡಗಿದೆ, ಸ್ನಾನ ಮಾಡಿ, ಒಣ ಸೀರೆ ಉಟ್ಟು, ಎಲ್ಲರನ್ನೂ ಮುಟ್ಟಿಕೊಂಡೇ. ಮಡಿ ಅನ್ನುವ ಶಬ್ದವೇ ಅತ್ತೆಯ ಬಾಯಲ್ಲಿ ಬರಲಿಲ್ಲ. ಆದರೆ ನಾನು ಬೆಳಗ್ಗೆ ಹೊರಳಿಸಲೆಂದು ಭುಜದ ಕೆಳಗೆ ಕೈ ತೂರಿಸಿದಾಗಲೆಲ್ಲ, ಆ ಭುಜ ಮೊದಲು ಒಂದು ಬೆರಳಿನಷ್ಟು ಹಿಂದೆ ಸರಿಯುತ್ತಿತ್ತು. ಅರೆನಿದ್ದೆಯಲ್ಲಿದ್ದರೂ ಸರಿಯುತ್ತಿತ್ತು. ಆಮೇಲೆ ಅದೇ ನನ್ನ ಕೈಗೆ ಒರಗುತ್ತಿತ್ತು. ನಾನು ಅಷ್ಟು ಹೊತ್ತು ಕಾಯುವುದನ್ನು ಕಲಿತೆ.

ಎರಡನೇ ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಬೆಳಗ್ಗೆ ಎಂದಿನ ಹಾಗೆ ಹೋಗಿ, ಬಿಸಿನೀರಿನ ಬಟ್ಟೆ ಪಕ್ಕಕ್ಕಿಟ್ಟು, ಭುಜದ ಕೆಳಗೆ ಕೈ ತೂರಿಸಿದೆ. ಕಾದೆ. ಭುಜ ಹಿಂದೆ ಸರಿಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೈಯನ್ನು ಹಾಗೇ ಇಟ್ಟುಕೊಂಡು ಕಾದೆ. ಆಮೇಲೆ ಗಂಡನನ್ನು ಕೂಗಿದೆ.